ಅಟ್ಟದಲ್ಲಿ ಇಲಿ ಬಿದ್ದರೆ ಮನೆ ಬಿಡಬೇಕಾ?

ಪ್ರಶ್ನೆ: ಡಾಕ್ಟರೇ, ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ. ಕಳೆದ ವಾರ ಗೋಡೌನ್ ಅಟ್ಟದಲ್ಲಿ ಮೂರು ಇಲಿ ಸತ್ತು ಬಿದ್ದಿದ್ದವು. ನಾವು ಪಾಷಾಣ ಇಟ್ಟಿರಲಿಲ್ಲ. ಅದೇ ಹೊತ್ತಿಗೆ ವಾಟ್ಸಾಪ್‌ನಲ್ಲಿ ಮಡಗಾಸ್ಕರ್ ದೇಶದ ಪ್ಲೇಗಿನ ವಿಡಿಯೊ ಬಂತು. ಅದನ್ನು ನಿಮಗೂ ಕಳಿಸಿದ್ದೇನೆ. ನಮ್ಮ ಅತ್ತೆ ಪಿರಿಯಾಪಟ್ಟಣದ ಕಡೆಯವರು. 'ಇಲಿ ಬಿದ್ದ ಮನೆಯಲ್ಲಿ ಇರಬಾರದು' ಅಂತ ಒಂದೇ ಸಮನೆ ಹೇಳುತ್ತಿದ್ದಾರೆ. ತೋಟದ ಕೂಲಿಯವರು ಇರುವ ಲೈನ್ ಮನೆಯಲ್ಲಿ ಒಬ್ಬ ಹುಡುಗನಿಗೆ ಜ್ವರ ಬೇರೆ. ಕುಯ್ಲಿಗೆ ಬಂದ ಅಸ್ಸಾಂ ಕಡೆಯವರು ವಾಪಸ್ ಹೋಗುವ ಮಾತಾಡುತ್ತಿದ್ದಾರೆ. ಪ್ಲೇಗ್ ಈಗಲೂ ಇದೆಯಾ? ಕೊಡಗಿಗೆ ಬರಬಹುದಾ? ನಾವು ಏನು ಮಾಡಬೇಕು?

ಉತ್ತರ: ಮೊದಲು ಆ ಜ್ವರದ ವಿಷಯ ಮುಗಿಸೋಣ. ಹುಡುಗನನ್ನು ಇವತ್ತೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ನೋಡೋಣ ಅನ್ನಬೇಡಿ. ಅಲ್ಲಿನ ಡಾಕ್ಟರಿಗೆ ಜ್ವರ ಅಂತ ಮಾತ್ರ ಹೇಳಿ ಸುಮ್ಮನಾಗಬೇಡಿ. ಇಲಿ ಸತ್ತಿದ್ದು ಯಾವ ದಿನ, ಎಷ್ಟು ಸತ್ತವು, ಈ ಹುಡುಗ ಗೋಡೌನ್‌ನಲ್ಲಿ ಮೂಟೆ ಎತ್ತಿದ್ದನಾ, ಗದ್ದೆಗೆ ಇಳಿದಿದ್ದನಾ, ಎಲ್ಲವನ್ನೂ ಹೇಳಿ. ಡಾಕ್ಟರಿಗೆ ಅರ್ಧ ರೋಗ ಗೊತ್ತಾಗುವುದು ಇಂಥ ಮಾತಿನಿಂದಲೇ. ತೊಡೆಸಂದಿನಲ್ಲಿ, ಕಂಕುಳಲ್ಲಿ, ಕುತ್ತಿಗೆಯಲ್ಲಿ ಮುಟ್ಟಿಸಿಕೊಳ್ಳಲೂ ಆಗದಷ್ಟು ನೋಯುವ ಗಡ್ಡೆ ಇದೆಯಾ ಕೇಳಿ. ಕೆಮ್ಮಿದರೆ ಕಫದಲ್ಲಿ ರಕ್ತ ಬರುತ್ತಿದೆಯಾ ಕೇಳಿ. ಎರಡೂ ಇಲ್ಲ ಅಂದರೆ ಪ್ಲೇಗಿನ ಭಯವನ್ನು ಸ್ವಲ್ಪ ಪಕ್ಕಕ್ಕೆ ಇಡಬಹುದು. ಆದರೆ ನನಗೆ ಬೇರೊಂದು ಜ್ವರದ ಅನುಮಾನ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ನೀವು ಕಳಿಸಿದ ವಿಡಿಯೊ ನೋಡಿದೆ. ಅದು ಹೊಸದಲ್ಲ, 2017ರದು. ಆದರೆ ವಿಡಿಯೊ ಹಳೆಯದು ಅಂದ ಮಾತ್ರಕ್ಕೆ ರೋಗವೂ ಹಳೆಯ ಕಾಲದ್ದು ಅಂದುಕೊಳ್ಳಬೇಡಿ. ಪ್ಲೇಗ್ ಈಗಲೂ ಇದೆ. 2010ರಿಂದ 2015ರವರೆಗೆ ಜಗತ್ತಿನಲ್ಲಿ 3,248 ಮಂದಿಗೆ ಪ್ಲೇಗ್ ಬಂದಿತ್ತು, 584 ಮಂದಿ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಕೊಟ್ಟಿದೆ. ಕಾಂಗೊ, ಮಡಗಾಸ್ಕರ್, ಪೆರು ದೇಶಗಳಲ್ಲಿ ಜಾಸ್ತಿ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲೂ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಗೆ ಬರುತ್ತಲೇ ಇರುತ್ತದೆ.

ಈಗ ನಿಮ್ಮ ಅತ್ತೆಯವರ ಮಾತು. ಅವರನ್ನು ಗದರಿಸಬೇಡಿ, ದಯವಿಟ್ಟು. 'ಇಲಿ ಬಿತ್ತು, ಮನೆ ಬಿಡಿ' ಅನ್ನುವುದು ಮೂಢನಂಬಿಕೆ ಅಲ್ಲ. ಹಳೆ ಮೈಸೂರಿನ ಹಳ್ಳಿಗಳು ಸಾವುಗಳನ್ನು ಕಂಡು ಕಲಿತ ಪಾಠ ಅದು. ನಮ್ಮ ಅಜ್ಜಿಯರ ಕಾಲದಲ್ಲಿ ಒಂದು ಊರಿನಲ್ಲಿ ಇಲಿ ಬೀಳಲು ಶುರುವಾಯಿತು ಅಂದರೆ ಜನ ಪಾತ್ರೆ ಪಗಡ ಹೊತ್ತುಕೊಂಡು ಊರಾಚೆ ಹೊಲದಲ್ಲಿ, ತೋಪಿನಲ್ಲಿ ಶೆಡ್ಡು ಹಾಕಿಕೊಂಡು ಇರುತ್ತಿದ್ದರು. ರೋಗ ಇಳಿಯುವವರೆಗೆ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಯಾಕೆ ಹಾಗೆ ಅಂತ ಅವರಿಗೆ ಗೊತ್ತಿರಲಿಲ್ಲ. ಆದರೆ ಹಾಗೆ ಮಾಡಿದವರು ಉಳಿಯುತ್ತಿದ್ದರು.

ಯಾಕೆ ಅಂತ ಕಂಡುಹಿಡಿದದ್ದು ಪಾಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ. 1898ರಲ್ಲಿ ಕರಾಚಿಯಲ್ಲಿ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬುವರು ನಾಲ್ಕು ವರ್ಷ ಮೊದಲೇ ಹಾಂಕಾಂಗ್‌ನಲ್ಲಿ ಗುರುತಿಸಿದ್ದರು. ಅದು ಇಲಿಯಿಂದ ಮನುಷ್ಯನಿಗೆ ಹೇಗೆ ದಾಟುತ್ತದೆ ಅನ್ನುವುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಸಿಮೊಂಡ್ ಒಂದು ಗಾಜಿನ ಜಾಡಿಯೊಳಗೆ ಪ್ಲೇಗ್ ತಗುಲಿದ ಇಲಿಯನ್ನೂ ಚಿಗಟಗಳನ್ನೂ ಬಿಟ್ಟರು. ಅದೇ ಜಾಡಿಯಲ್ಲಿ ಒಂದು ಪಂಜರದಲ್ಲಿ ಆರೋಗ್ಯದ ಇಲಿಯನ್ನು ಇಟ್ಟರು. ಎರಡು ಇಲಿಗಳೂ ಒಂದನ್ನೊಂದು ಮುಟ್ಟುವಂತಿರಲಿಲ್ಲ. ಚಿಗಟ ಮಾತ್ರ ನೆಗೆಯಬಹುದಿತ್ತು. ರೋಗದ ಇಲಿ ಸತ್ತಿತು. ಕೆಲವು ದಿನಕ್ಕೆ ಪಂಜರದ ಇಲಿಯೂ ಪ್ಲೇಗಿನಿಂದ ಸತ್ತಿತು. ಇಷ್ಟು ಸರಳವಾದ ಪ್ರಯೋಗ. ಆದರೂ ಎಷ್ಟೋ ವರ್ಷ ದೊಡ್ಡ ದೊಡ್ಡವರು ಅವರನ್ನು ನಂಬಲಿಲ್ಲ.

ಚಿಗಟದ ಹೊಟ್ಟೆಯೊಳಗೆ ನಡೆಯುವುದನ್ನು ತಿಳಿದರೆ ನಿಮ್ಮ ಅತ್ತೆಯವರ ಮಾತಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ರೋಗದ ಇಲಿಯ ರಕ್ತ ಕುಡಿದ ಚಿಗಟದ ಅನ್ನನಾಳದ ಕೊನೆಯಲ್ಲಿ ರೋಗಾಣುಗಳು ಗುಂಪುಗೂಡಿ ಬಿರಡೆಯಂತೆ ಕಟ್ಟಿಕೊಳ್ಳುತ್ತವೆ. ಕುಡಿದ ರಕ್ತ ಹೊಟ್ಟೆಗೆ ಇಳಿಯುವುದಿಲ್ಲ. ಚಿಗಟ ಹಸಿವಿನಿಂದ ಹುಚ್ಚೆದ್ದು ಮತ್ತೆ ಮತ್ತೆ ಕಚ್ಚುತ್ತದೆ. ಪ್ರತಿ ಸಲವೂ ಹೀರಿದ್ದನ್ನು ರೋಗಾಣು ಸಮೇತ ಗಾಯದೊಳಕ್ಕೆ ಕಕ್ಕುತ್ತದೆ. ಇಲಿ ಬದುಕಿರುವವರೆಗೆ ಅದು ಇಲಿಯ ಮೈ ಬಿಟ್ಟು ಬರುವುದು ಕಡಿಮೆ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಬಿಸಿ ಮೈ ಹುಡುಕಿಕೊಂಡು ಹೊರಡುತ್ತದೆ. ಮನೆಯ ಇಲಿಗಳೆಲ್ಲ ಸತ್ತು ಮುಗಿದ ಮೇಲೆ ಉಳಿಯುವ ಬಿಸಿ ಮೈ ಯಾವುದು? ನಮ್ಮದು. ಇಲಿ ಬೀಳುವುದಕ್ಕೂ ಮನೆಯವರು ಕಾಯಿಲೆ ಬೀಳುವುದಕ್ಕೂ ನಡುವೆ ಕೆಲವು ದಿನ ಸಿಗುತ್ತದೆ. ಆ ಕೆಲವು ದಿನದಲ್ಲಿ ಮನೆ ಬಿಟ್ಟವರು ಬದುಕಿಕೊಂಡರು.

1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳು ಖಾಲಿಯಾದವು. ಬಸವನಗುಡಿ, ಮಲ್ಲೇಶ್ವರದಂಥ ಅಗಲ ರಸ್ತೆಯ ಬಡಾವಣೆಗಳು ಬೆಳೆದದ್ದು ಆ ಭಯದ ನಂತರ. ಪ್ಲೇಗ್ ಮಾರಮ್ಮನ ಗುಡಿಗಳೂ ಆಗಿನವೇ, ಈಗಲೂ ಅಲ್ಲಿ ಪೂಜೆ ನಡೆಯುತ್ತದೆ. ನಿಮ್ಮ ಅತ್ತೆಯವರ ಬಾಯಲ್ಲಿ ಬರುವ ಮಾತಿನ ಹಿಂದೆ ಇಷ್ಟೆಲ್ಲ ಇದೆ.

ಹಾಗಾದರೆ ನಿಮ್ಮ ಗೋಡೌನ್‌ನಲ್ಲಿ ಬಿದ್ದ ಮೂರು ಇಲಿ? ನನಗೆ ಅದು ಪ್ಲೇಗ್ ಅನ್ನಿಸುವುದಿಲ್ಲ. ನೀವು ಪಾಷಾಣ ಇಟ್ಟಿಲ್ಲ ಅಂದಿರಿ, ನಂಬುತ್ತೇನೆ. ಪಕ್ಕದ ತೋಟದವರು? ಲೈನ್ ಮನೆಯವರು? ತೋಟದ ಲೆಕ್ಕ ನೋಡುವ ನಿಮ್ಮ ರೈಟರ್ ನಿಮಗೆ ಹೇಳದೆ ಎಲ್ಲಾದರೂ ಇಲಿ ಪಾಷಾಣದ ಕೇಕ್ ಇಟ್ಟಿದ್ದಾರಾ? ಒಮ್ಮೆ ವಿಚಾರಿಸಿ. ಈಗ ಅಂಗಡಿಯಲ್ಲಿ ಸಿಗುವ ಬ್ರೊಮಾಡಿಯೊಲೋನ್ ಕೇಕ್ ತಿಂದ ಇಲಿ ಅಲ್ಲೇ ಸಾಯುವುದಿಲ್ಲ. ನಾಲ್ಕೈದು ದಿನ ಓಡಾಡಿಕೊಂಡಿದ್ದು, ಒಳಗೊಳಗೇ ರಕ್ತ ಸೋರಿ, ಎಲ್ಲೋ ಬೆಚ್ಚಗಿನ ಮೂಲೆಗೆ ಹೋಗಿ ಸಾಯುತ್ತದೆ. ಪಕ್ಕದ ಮನೆಯಲ್ಲಿ ತಿಂದದ್ದು ನಿಮ್ಮ ಅಟ್ಟದಲ್ಲಿ ಬೀಳಬಹುದು. ಹಿಂದಿನವರು 'ಇಲಿ ಬಿತ್ತು' ಅನ್ನುತ್ತಿದ್ದದ್ದು ಒಂದೆರಡು ಇಲಿಗೆ ಅಲ್ಲ. ದಿನಾ ಬೆಳಗ್ಗೆ ಬೀಳುತ್ತಿದ್ದವು, ಮನೆ ಮನೆಯಲ್ಲೂ ಬೀಳುತ್ತಿದ್ದವು. ಹಗಲು ಹೊತ್ತಿನಲ್ಲೇ ಅಮಲೇರಿದವರಂತೆ ತೂರಾಡುತ್ತಾ ಅಂಗಳಕ್ಕೆ ಬಂದು ಸಾಯುತ್ತಿದ್ದವು. ಯಾರೂ ವಿಷ ಇಡದೆ ಹಾಗೆ ಆಗುತ್ತಿದ್ದರೆ ಆಗ ನನಗೂ ನಿದ್ದೆ ಬರುವುದಿಲ್ಲ.

ನಮ್ಮ ರಾಜ್ಯದಲ್ಲಿ ಪ್ಲೇಗಿಗೆ ಒಂದು ಹಳೆಯ ನೆಲೆ ಇದೆ. ಅದು ಕೋಲಾರದ ಕಡೆ, ಆಂಧ್ರ ಮತ್ತು ತಮಿಳುನಾಡಿನ ಗಡಿ ಕೂಡುವ ಒಣ ಬಯಲು. ಅಲ್ಲಿನ ಹೊಲಗಳಲ್ಲಿ ಬಿಲ ತೋಡಿಕೊಂಡಿರುವ ಒಂದು ಜಾತಿಯ ಕಾಡು ಇಲಿಗಳ ನಡುವೆ ರೋಗಾಣು ಸದ್ದಿಲ್ಲದೆ ಉಳಿದುಕೊಂಡು ಬಂದಿದೆ. ದೇಶದಲ್ಲಿ 1994ರ ಪ್ಲೇಗಿಗೆ ಮೊದಲು ಮನುಷ್ಯರಲ್ಲಿ ಕೊನೆಯದಾಗಿ ಪ್ಲೇಗ್ ಕಂಡದ್ದು ನಮ್ಮ ಕರ್ನಾಟಕದಲ್ಲೇ, 1966ರಲ್ಲಿ. ಅದಕ್ಕೇ ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಪ್ಲೇಗ್ ಕಣ್ಗಾವಲು ಘಟಕ ಇದೆ. ಅಲ್ಲಿನವರು ಇಲಿ ಹಿಡಿದು, ಚಿಗಟ ಎಣಿಸಿ, ರಕ್ತ ಪರೀಕ್ಷೆ ಮಾಡುತ್ತಾರೆ. ಯಾರ ಕಣ್ಣಿಗೂ ಬೀಳದ ಕೆಲಸ. ಇಂಥ ಕೆಲಸ ಮಾಡುವವರ ಬಗ್ಗೆ ನನಗೆ ಬಹಳ ಗೌರವ. ಆ ಬಯಲು ಇಲಿಗೆ ಒಣ ನೆಲ ಬೇಕು. ನಮ್ಮ ಮಳೆಕಾಡಿನಲ್ಲಿ, ಕಾಫಿ ನೆರಳಿನಲ್ಲಿ ಅದು ಬದುಕುವುದಿಲ್ಲ.

ಇಷ್ಟು ಹೇಳಿ 'ಕೊಡಗಿಗೆ ಪ್ಲೇಗ್ ಬರುವುದೇ ಇಲ್ಲ' ಅಂತ ಮುಗಿಸಿಬಿಡಬಹುದಿತ್ತು. ಆದರೆ ಅದು ನಿಜವಾಗುವುದಿಲ್ಲ. ನಿಮ್ಮ ವಿಡಿಯೊದ ಮಡಗಾಸ್ಕರ್ ನೋಡಿ. ಅಲ್ಲಿ ಪ್ಲೇಗ್ ಇರುವುದು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದ ಗುಡ್ಡಗಾಡಿನಲ್ಲಿ. ಭತ್ತದ ಗದ್ದೆ, ಹಳ್ಳಿ ಮನೆ, ಅಟ್ಟ ಹತ್ತುವ ಕಪ್ಪು ಇಲಿ. ನಮ್ಮ ಊರಿನ ಹಾಗೇ ಇದೆ ಅಲ್ವಾ? ಅಲ್ಲಿಗೂ ರೋಗ ಹುಟ್ಟಿನಿಂದ ಇದ್ದದ್ದಲ್ಲ. 1898ರಲ್ಲಿ ಹಡಗಿನಲ್ಲಿ ಬಂದು ಕರಾವಳಿಯಲ್ಲಿ ಇಳಿಯಿತು. 1921ರ ಹೊತ್ತಿಗೆ ಗುಡ್ಡದ ಮೇಲಿನ ರಾಜಧಾನಿ ಅಂತಾನನರಿವೊ ತಲುಪಿತು. ಬಂದದ್ದು ಹೋಗಲೇ ಇಲ್ಲ. ಹಾಗಾಗಿ ಗುಡ್ಡ, ಮಳೆ, ಚಳಿ ನಮ್ಮನ್ನು ಕಾಯುತ್ತವೆ ಅಂತ ನಾನು ಹೇಳಲಾರೆ. ಇಲ್ಲಿ ಈ ರೋಗದ ಮೂಲ ಇಲ್ಲ, ಅದು ನಮ್ಮ ಪುಣ್ಯ. ಹೊರಗಿನಿಂದ ಬಂದರೆ ಎಷ್ಟು ಬೇಗ ಗುರುತಿಸುತ್ತೇವೆ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

2017ರಲ್ಲಿ ಅಲ್ಲಿ ಆದದ್ದೇ ಅದು. ಆಗಸ್ಟ್ ಕೊನೆಯಲ್ಲಿ 31 ವರ್ಷದ ಒಬ್ಬರು ಗುಡ್ಡದ ಊರಿನಿಂದ ಕರಾವಳಿಗೆ ಹೊರಟರು. ಮೈಯಲ್ಲಿ ಜ್ವರ ಇತ್ತು. ಮಲೇರಿಯಾ ಇರಬೇಕು ಅಂದುಕೊಂಡಿದ್ದರು. ಹತ್ತಿದ್ದು ಜನ ತುಂಬಿದ ಬಾಡಿಗೆ ವ್ಯಾನು, ನಮ್ಮಲ್ಲಿ ಕುಶಾಲನಗರದಿಂದ ಹಳ್ಳಿಗಳಿಗೆ ಓಡುವ ಜೀಪಿನ ಹಾಗೆ. ದಾರಿಯಲ್ಲಿ ರಾಜಧಾನಿ ದಾಟಬೇಕು. ಅಷ್ಟರಲ್ಲಿ ರೋಗ ಶ್ವಾಸಕೋಶಕ್ಕೆ ಇಳಿದಿತ್ತು. ಕೆಮ್ಮುತ್ತಾ ಕೆಮ್ಮುತ್ತಾ ದಾರಿಯಲ್ಲೇ ತೀರಿಕೊಂಡರು. ಅವರಿಂದ 31 ಮಂದಿಗೆ ರೋಗ ಹತ್ತಿತು. ಇದು ಪ್ಲೇಗ್ ಎಂದು ಗೊತ್ತಾದದ್ದು ಸೆಪ್ಟೆಂಬರ್ 11ರ ಹೊತ್ತಿಗೆ, ರಾಜಧಾನಿಯ ಆಸ್ಪತ್ರೆಯಲ್ಲಿ ಬೇರೊಬ್ಬ ಹೆಂಗಸು ಸತ್ತ ಮೇಲೆ. ಎರಡು ವಾರ ರೋಗ ಹೆಸರಿಲ್ಲದೆ ಓಡಾಡಿತು. ನವೆಂಬರ್ ಕೊನೆಯ ಹೊತ್ತಿಗೆ 2,417 ಮಂದಿಗೆ ರೋಗ ಬಂದಿದೆ ಎಂಬ ಲೆಕ್ಕ ಸಿಕ್ಕಿತು. ಅದರಲ್ಲಿ ಖಚಿತವಾದದ್ದೂ ಇತ್ತು, ಬರೀ ಅನುಮಾನದ್ದೂ ಇತ್ತು. ಸತ್ತವರು 209 ಮಂದಿ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ನಿಮ್ಮ ಅತ್ತೆಯವರಿಗೆ ಗೊತ್ತಿರುವುದು ಗಡ್ಡೆ ಪ್ಲೇಗ್. ಚಿಗಟ ಕಚ್ಚಿದ ಮೇಲೆ ಒಂದರಿಂದ ಏಳು ದಿನದೊಳಗೆ ಜ್ವರ ಬಂದು ಗಡ್ಡೆ ಏಳುತ್ತದೆ. ಅದು ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಅದೇ ರೋಗ ಕೆಲವರಲ್ಲಿ ರಕ್ತದ ಮೂಲಕ ಶ್ವಾಸಕೋಶಕ್ಕೆ ಇಳಿಯುತ್ತದೆ. ಆಗ ಅದು ಶ್ವಾಸಕೋಶದ ಪ್ಲೇಗ್. ಇದಕ್ಕೆ ಇಲಿಯೂ ಬೇಡ, ಚಿಗಟವೂ ಬೇಡ. ಕೆಮ್ಮಿದ ತುಂತುರು ಸಾಕು. ತಗುಲಿದ ಮರುದಿನವೇ ಶುರುವಾಗಬಹುದು. ಔಷಧ ಕೊಡದಿದ್ದರೆ ಉಳಿಯುವವರು ಇಲ್ಲ ಅಂದರೂ ಸರಿ. ಗಡ್ಡೆ ಪ್ಲೇಗ್ ಬಂದ ಊರಿನಲ್ಲಿ ಮನೆ ಬಿಟ್ಟು ಹೊಲಕ್ಕೆ ಹೋಗುವುದು ಬುದ್ಧಿವಂತಿಕೆ. ಶ್ವಾಸಕೋಶದ ಪ್ಲೇಗ್ ಬಂದ ಊರಿನಲ್ಲಿ ಬಸ್ಸು ಹತ್ತಿ ಓಡುವುದು ರೋಗಕ್ಕೆ ಟಿಕೆಟ್ ತೆಗೆಸಿಕೊಟ್ಟ ಹಾಗೆ. ನೋಡುವುದಕ್ಕೆ ಎರಡೂ ಊರು ಬಿಡುವುದೇ. ಅದಕ್ಕೇ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ.

1994ರಲ್ಲಿ ಗುಜರಾತಿನ ಸೂರತ್‌ನಲ್ಲಿ ಎದ್ದ ಪ್ಲೇಗಿನ ಗಲಾಟೆ ನಿಮಗೆ ನೆನಪಿರಬಹುದು. ನಾನು ಆಗ ಮೈಸೂರಿನಲ್ಲಿ ಓದುತ್ತಿದ್ದೆ. ಟೀವಿಯಲ್ಲಿ ದಿನವಿಡೀ ಕರವಸ್ತ್ರ ಕಟ್ಟಿಕೊಂಡ ಮುಖಗಳು. ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಗಡ್ಡೆ ಪ್ಲೇಗ್ ಕಾಣಿಸಿಕೊಂಡಿತ್ತು. ಹಿಂದಿನ ವರ್ಷ ಲಾತೂರಿನ ಕಡೆ ಭೂಕಂಪ ಆಗಿ, ಆ ಸುತ್ತಲಿನ ಹಳ್ಳಿಗಳಲ್ಲಿ ಜನ ಬಿಟ್ಟ ಮನೆಗಳಲ್ಲಿ ಕಾಳು ಹಾಗೇ ಉಳಿದು ಇಲಿ ಹೆಚ್ಚಿದ್ದವು. ಸೆಪ್ಟೆಂಬರ್‌ನಲ್ಲಿ ಸೂರತ್‌ನಲ್ಲಿ ಶ್ವಾಸಕೋಶದ ಪ್ಲೇಗ್ ಅಂತ ಸುದ್ದಿ ಎದ್ದಿತು. ಬಟ್ಟೆ ಗಿರಣಿಗೆ, ವಜ್ರದ ಕೆಲಸಕ್ಕೆ ಬೇರೆ ರಾಜ್ಯಗಳಿಂದ ಬಂದಿದ್ದ ಕೂಲಿಯವರು ಲಕ್ಷಗಟ್ಟಲೆ ಒಂದೆರಡು ದಿನದಲ್ಲಿ ರೈಲು ಹತ್ತಿದರು. ಖಾಸಗಿ ಡಾಕ್ಟರುಗಳಲ್ಲೂ ಬಹಳ ಮಂದಿ ಬಾಗಿಲು ಹಾಕಿಕೊಂಡು ಹೊರಟರು. ಇದು ನನಗೆ ಇವತ್ತಿಗೂ ನೋವಿನ ವಿಷಯ. ಕೆಲವು ಹೊರದೇಶಗಳ ವಿಮಾನಗಳು ಬರುವುದು ನಿಂತಿತು. ಮೈಸೂರಿನಲ್ಲೂ ಮೆಡಿಕಲ್ ಅಂಗಡಿಗೆ ಬಂದು ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೇಳುವವರು ಶುರುವಾದರು. ಜ್ವರ ಇಲ್ಲ, ಏನಿಲ್ಲ, ಸುಮ್ನೆ ಇಟ್ಟುಕೊಳ್ಳೋಣ ಅಂತ. ಆ ವರ್ಷ ದೇಶದಲ್ಲಿ ಸತ್ತವರು ಐವತ್ತಕ್ಕೂ ಸ್ವಲ್ಪ ಹೆಚ್ಚು. ಅಷ್ಟು ಜನ ಓಡಿದರೂ ರೋಗ ದೇಶಕ್ಕೆಲ್ಲ ಹಬ್ಬಲಿಲ್ಲ.

ಯಾಕೆ ಹಬ್ಬಲಿಲ್ಲ ಅಂದರೆ, ಶ್ವಾಸಕೋಶದ ಪ್ಲೇಗ್ ಕೊರೋನಾ ಥರ ಅಲ್ಲ. ಕೊರೋನಾದಲ್ಲಿ ಲಕ್ಷಣವೇ ಇಲ್ಲದವರು ಓಡಾಡಿ ಹಂಚುತ್ತಿದ್ದರು. ಪ್ಲೇಗಿನಲ್ಲಿ ಹರಡುವವರು ಸಾಮಾನ್ಯವಾಗಿ ಎದ್ದು ನಿಲ್ಲಲೂ ಆಗದಷ್ಟು ಕಾಯಿಲೆ ಬಿದ್ದಿರುತ್ತಾರೆ. ಅವರ ಎರಡು ಮೀಟರ್ ಒಳಗೆ ಕೂತು ಆರೈಕೆ ಮಾಡಿದವರಿಗೆ, ಗಾಡಿಯಲ್ಲಿ ಪಕ್ಕ ಕೂತವರಿಗೆ ಅಪಾಯ. ದಾರಿಯಲ್ಲಿ ಹೋಗುವವರಿಗೆ ಅಲ್ಲ. ಜೊತೆಗಿದ್ದವರನ್ನು ಹುಡುಕಿ ಏಳು ದಿನ ಮಾತ್ರೆ ಕೊಟ್ಟರೆ ಸರಪಳಿ ಅಲ್ಲೇ ತುಂಡಾಗುತ್ತದೆ. ಮಡಗಾಸ್ಕರ್‌ನಲ್ಲಿ ಹಾಗೆ ಏಳು ಸಾವಿರಕ್ಕೂ ಹೆಚ್ಚು ಜನರನ್ನು ಹುಡುಕಿದರು. ಅವರಲ್ಲಿ ಲಕ್ಷಣ ಕಾಣಿಸಿದ್ದು 11 ಮಂದಿಗೆ ಮಾತ್ರ. ಬಡ ದೇಶ, ಹದಗೆಟ್ಟ ರಸ್ತೆ, ಆದರೂ ಮಾಡಿದರು.

ಕೊಡಗಿನವರು ಸೂರತ್‌ಗಿಂತ ಹೆಚ್ಚಾಗಿ ನೆನಪಿಟ್ಟುಕೊಳ್ಳಬೇಕಾದದ್ದು 2002ರ ಹಿಮಾಚಲದ ಕತೆ. ಶಿಮ್ಲಾ ಜಿಲ್ಲೆಯ ಒಂದು ಗುಡ್ಡದ ಹಳ್ಳಿ. ಒಬ್ಬರು ಕಾಡಿಗೆ ಹೋದಾಗ ಕಾಯಿಲೆ ಬಿದ್ದ ಕಾಡುಬೆಕ್ಕು ಸಿಕ್ಕಿತು. ಅದರ ಚರ್ಮ ಸುಲಿದರು. ಕೆಲವು ದಿನದಲ್ಲಿ ಜ್ವರ, ಕೆಮ್ಮು. ಮನೆಯವರು, ನೆಂಟರು ಸುತ್ತ ಕೂತು ನೋಡಿಕೊಂಡರು. ಒಟ್ಟು 16 ಮಂದಿಗೆ ರೋಗ ಬಂತು, ನಾಲ್ವರು ಸತ್ತರು. ನಮ್ಮಲ್ಲೂ ಒಬ್ಬರು ಹಾಸಿಗೆ ಹಿಡಿದರೆ ಇಡೀ ಒಕ್ಕವೇ, ಅಂದರೆ ಕುಲದವರೆಲ್ಲ, ಬಂದು ಮಂಚದ ಸುತ್ತ ಕೂರುತ್ತದೆ. ಅದು ನಮ್ಮ ಪ್ರೀತಿ, ಬೇಡ ಅನ್ನಲಾರೆ. ಆದರೆ ರಕ್ತ ಕೆಮ್ಮುವ ರೋಗಿಯ ಹತ್ತಿರ ಒಬ್ಬರು ಸಾಕು, ಮೂಗು ಬಾಯಿ ಮುಚ್ಚಿಕೊಂಡು. ಕಾಡಿನಲ್ಲಿ ಸತ್ತು ಬಿದ್ದ ಅಥವಾ ಮಂಕಾಗಿ ಕೂತ ಪ್ರಾಣಿಯನ್ನು ಮುಟ್ಟಬೇಡಿ, ಮಕ್ಕಳಿಗೂ ಹೇಳಿಕೊಡಿ. ಸತ್ತ ಮಂಗ ಕಂಡರೆ ಮುಟ್ಟದೆ ತಿಳಿಸಿ ಅಂತ ಮಂಗನ ಕಾಯಿಲೆ ಬಗ್ಗೆ ಹೇಳುವುದನ್ನು ಕೇಳಿರುತ್ತೀರಿ. ಇದೂ ಅದೇ ಅಭ್ಯಾಸ.

ಈಗ ಗೋಡೌನ್. ಜನ ಮಾಡುವ ದೊಡ್ಡ ತಪ್ಪು ಇಲ್ಲೇ. ಸತ್ತ ಇಲಿ ಕಂಡ ಕೂಡಲೇ ಇನ್ನಷ್ಟು ಪಾಷಾಣ ತಂದು ಸುರಿಯುತ್ತಾರೆ. ನಿಜವಾಗಿ ಪ್ಲೇಗ್ ಅನುಮಾನ ಇದ್ದರೆ ಅದರಷ್ಟು ಅಪಾಯದ ಕೆಲಸ ಇನ್ನೊಂದಿಲ್ಲ. ಇಲಿ ಸತ್ತರೆ ಚಿಗಟ ಎಲ್ಲಿಗೆ ಬರುತ್ತದೆ ಅಂತ ಮೇಲೆ ಹೇಳಿದೆನಲ್ಲ. ಅದಕ್ಕೇ ಆರೋಗ್ಯ ಇಲಾಖೆಯವರು ಮೊದಲು ಚಿಗಟ ಕೊಲ್ಲುವ ಪುಡಿ ಹಾಕಿಸುತ್ತಾರೆ, ಬಿಲದ ಬಾಯಿಗೆ, ಇಲಿ ಓಡಾಡುವ ದಾರಿಗೆ. ಇಲಿಯನ್ನು ಕೊಲ್ಲುವುದು ಆಮೇಲೆ. ಇನ್ನೊಂದು ಇಲಿ ಬಿದ್ದರೆ ಬರಿಗೈಯಲ್ಲಿ ಬಾಲ ಹಿಡಿದು ಎಸೆಯಬೇಡಿ. ಕೈಗೆ ಗ್ಲೌಸ್ ಹಾಕಿ, ಉದ್ದ ಇಕ್ಕಳದಲ್ಲಿ ಎತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿಯಾಗಿ ಕಟ್ಟಿ. ಚೀಲದ ಹೊರಗೂ ಬಿದ್ದ ಜಾಗಕ್ಕೂ ಚಿಗಟ ಸಾಯುವ ಸ್ಪ್ರೇ ಹೊಡೆಯಿರಿ. ಬೆಕ್ಕು, ನಾಯಿ ಅತ್ತ ಹೋಗದಂತೆ ನೋಡಿಕೊಳ್ಳಿ. ಒಂದೇ ವಾರದಲ್ಲಿ ವಿಷವಿಲ್ಲದೆ ನಾಲ್ಕೈದು ಬಿದ್ದರೆ ಹೂಳಬೇಡಿ, ಸುಡಬೇಡಿ. ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಅವರು ಬಂದು ಪರೀಕ್ಷೆಗೆ ತೆಗೆದುಕೊಂಡು ಹೋಗಲಿ. ಯಾರಿಗೆ ಹೇಳಬೇಕು ಗೊತ್ತಾಗದಿದ್ದರೆ ನಿಮ್ಮ ಆಶಾ ಕಾರ್ಯಕರ್ತೆಗೆ ಹೇಳಿ, ಇಲ್ಲವೇ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ.

ಇನ್ನು ನಾನು ಆಮೇಲೆ ಹೇಳುತ್ತೇನೆ ಅಂದಿದ್ದ ಜ್ವರ. ಇಲಿ ಜ್ವರ, ಲೆಪ್ಟೊಸ್ಪೈರೋಸಿಸ್. ಹೆಸರು ಕೇಳಿ ಪ್ಲೇಗಿನ ತಮ್ಮ ಅಂದುಕೊಳ್ಳಬೇಡಿ, ಇದು ಬೇರೆಯೇ ರೋಗಾಣು. ಇಲಿಯ ಮೂತ್ರ ಬೆರೆತ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಬರುತ್ತದೆ. ಬರಿಗಾಲಿನಲ್ಲಿ ಗದ್ದೆಗೆ ಇಳಿಯುವವರು, ಚರಂಡಿ ತೆಗೆಯುವವರು, ಗೋಡೌನ್ ಗುಡಿಸುವವರು, ಇವರಿಗೇ ಜಾಸ್ತಿ. ಪಕ್ಕದ ಕೇರಳದಲ್ಲಿ 2018ರ ಪ್ರವಾಹ ಇಳಿದ ಮೇಲೆ ಇಲಿ ಜ್ವರ ಎಷ್ಟೋ ಜೀವ ತೆಗೆದುಕೊಂಡಿತು. ಜೋರು ಜ್ವರ, ಕಣ್ಣು ಕೆಂಪು, ಕಾಲಿನ ಮೀನಖಂಡ ಒತ್ತಿದರೆ ಜೀವ ಹೋಗುವಂಥ ನೋವು. ತಡ ಆದರೆ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಪ್ಲೇಗ್ ಅನ್ನು ನಾನು ಓದಿ ತಿಳಿದಿದ್ದೇನೆ. ಇಲಿ ಜ್ವರವನ್ನು ಕಣ್ಣಾರೆ ಕಂಡಿದ್ದೇನೆ.

ಒಂದು ಮಳೆಗಾಲ ಒಂದು ತೋಟದ ಲೈನ್ ಮನೆಯಿಂದ ನಲವತ್ತರ ಹೆಂಗಸೊಬ್ಬರನ್ನು ಜೀಪಿನಲ್ಲಿ ಕರೆತಂದರು. ಜ್ವರ ಬಂದು ಆರನೇ ದಿನ. ಕಣ್ಣು ಅರಿಶಿನದ ಹಾಗೆ. ಹಿಂದಿನ ರಾತ್ರಿಯಿಂದ ಮೂತ್ರ ಇಲ್ಲ. ಮೈಸೂರಿಗೆ ಕಳಿಸಿದೆವು, ದಾರಿಯಲ್ಲೇ ತೀರಿಹೋದರು. ಮಗಳನ್ನು ಕೇಳಿದೆ, ಯಾಕಮ್ಮಾ ಇಷ್ಟು ದಿನ ಕಾದಿರಿ ಅಂತ. 'ರಜೆ ಹಾಕಿದ್ರೆ ಕೂಲಿ ಇಲ್ಲ ಸಾರ್' ಅಂದಳು. ಮಾತ್ರೆ ನುಂಗಿಕೊಂಡು ಐದು ದಿನ ಕೆಲಸಕ್ಕೆ ಹೋಗಿದ್ದರು ಅವರಮ್ಮ. ಮೊದಲ ದಿನವೇ ಬಂದಿದ್ದರೆ ಹತ್ತಿಪ್ಪತ್ತು ರೂಪಾಯಿಯ ಮಾತ್ರೆಯಲ್ಲಿ ಹೋಗುವ ಕಾಯಿಲೆ.

ಅದಕ್ಕೇ ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇಲಿ ಅಲ್ಲ, ಅಸ್ಸಾಂನವರು ಹೊರಡುವ ಮಾತು. ಅವರು ಯಾಕೆ ಹೊರಡುತ್ತಿದ್ದಾರೆ ಯೋಚಿಸಿ. ಕಾಯಿಲೆ ಬಿದ್ದರೆ ತಮ್ಮನ್ನು ಯಾರೂ ನೋಡುವುದಿಲ್ಲ, ಮೇಲಾಗಿ ರೋಗ ತಂದವರು ಇವರೇ ಅಂತ ಬೈಯುತ್ತಾರೆ ಅನ್ನುವ ಭಯ. ಭಯ ಇದ್ದವರು ಜ್ವರ ಮುಚ್ಚಿಡುತ್ತಾರೆ. ರಾತ್ರೋರಾತ್ರಿ ಹೋಗಿ ಬಸ್ಸು ಹತ್ತುತ್ತಾರೆ. ಇಲಿ ಜ್ವರವಾದರೆ ಅವರೊಬ್ಬರು ದಾರಿಯಲ್ಲಿ ಸಾಯುತ್ತಾರೆ. ಶ್ವಾಸಕೋಶದ ಪ್ಲೇಗ್ ಆಗಿದ್ದರೆ ಆ ಮಡಗಾಸ್ಕರ್ ವ್ಯಾನಿನ ಕತೆ.

ನೀವು, ನಿಮ್ಮ ಯಜಮಾನರು ಇವತ್ತು ಸಂಜೆ ಲೈನ್ ಮನೆಗೆ ಹೋಗಿ ಕೂತು ಮಾತಾಡಿ. ರೈಟರನ್ನು ಕಳಿಸಬೇಡಿ, ನೀವೇ ಹೋಗಿ. ಜ್ವರ ಬಂದವರಿಗೆ ರಜೆ ಮಾತ್ರ ಅಲ್ಲ, ಆ ದಿನದ ಕೂಲಿಯೂ ಸಿಗುತ್ತದೆ ಅಂತ ಹೇಳಿ. ಹೇಳಿದ ಹಾಗೆ ಕೊಡಿ. ಕುಯ್ಲಿನ ಖರ್ಚಿನಲ್ಲಿ ಅದು ದೊಡ್ಡ ಮೊತ್ತವಲ್ಲ. ಅವರಲ್ಲಿ ಕನ್ನಡ ಬರುವವರು ಒಬ್ಬರಾದರೂ ಇರುತ್ತಾರೆ. ಆಸ್ಪತ್ರೆಗೆ ಹೋಗುವಾಗ ಅವರನ್ನು ಜೊತೆಗೆ ಕಳಿಸಿ. ಭಾಷೆ ಬಾರದೆ ಎಷ್ಟೋ ರೋಗಿಗಳು 'ಜ್ವರ' ಅನ್ನುವ ಒಂದೇ ಪದ ಹೇಳಿ ಮಾತ್ರೆ ಇಸಿದುಕೊಂಡು ಹೋಗುವುದನ್ನು ನೋಡಿದ್ದೇನೆ. ಒಂದೇ ಸಾಲಿನ ಮನೆಗಳಲ್ಲಿ ಒಂದು ವಾರದೊಳಗೆ ಮೂವರಿಗೆ ಜ್ವರ ಬಂದರೆ ಅದನ್ನು ಸುದ್ದಿ ಅಂತಲೇ ತಿಳಿಯಿರಿ. ಯಾವ ಜ್ವರವೇ ಆಗಲಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ತೋಟದ ಹೆಸರು ಕೆಡುತ್ತದೆ ಅಂತ ಕೆಲವರು ಹಿಂಜರಿಯುತ್ತಾರೆ. ನೀವು ಹಿಂಜರಿಯಬೇಡಿ.

ಔಷಧದ ಬಗ್ಗೆ ಒಂದು ಮಾತು. ಪ್ಲೇಗಿಗೆ ಒಳ್ಳೆಯ ಔಷಧ ಇದೆ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್, ಎಲ್ಲ ಹಳೆಯವು, ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಹೊಸವಲ್ಲ. ಆದರೆ ಬೇಗ ಶುರು ಮಾಡಬೇಕು, ಶ್ವಾಸಕೋಶದ ಪ್ಲೇಗಿನಲ್ಲಿ ಮೊದಲ ದಿನವೇ. ಪೆನ್ಸಿಲಿನ್ ಜಾತಿಯ ಮಾತ್ರೆಗೆ ಅದು ಬಗ್ಗುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಕೇಳಿ ಯಾವುದೋ ಆಂಟಿಬಯಾಟಿಕ್ ನುಂಗಿ ಎರಡು ದಿನ ಕಳೆಯುವುದು ಬೇಡ. ಡಾಕ್ಸಿಸೈಕ್ಲಿನ್ ತಂದು ಮನೆಯವರಿಗೆಲ್ಲ ಮುಂಚೆಯೇ ಕೊಡುವುದೂ ಬೇಡ, ನಿಮ್ಮ ಮನೆಯಲ್ಲಿ ಈಗ ಅದಕ್ಕೆ ಕಾರಣ ಇಲ್ಲ.

ಮನೆ ಬಿಡುವುದು ಬೇಡ. ಅತ್ತೆಯವರ ಸಮಾಧಾನಕ್ಕೆ ಗೋಡೌನ್ ಅಟ್ಟ ಒಮ್ಮೆ ಖಾಲಿ ಮಾಡಿಸಿ. ಗುಡಿಸುವ ಮೊದಲು ಬ್ಲೀಚಿಂಗ್ ಪೌಡರ್ ನೀರು ಚಿಮುಕಿಸಿ, ಧೂಳು ಏಳಬಾರದು. ಗುಡಿಸುವವರ ಕೈಗೆ ಗ್ಲೌಸ್, ಕಾಲಿಗೆ ಗಂಬೂಟು ಇರಲಿ. ಭತ್ತ, ಒಣಗಿಸಿದ ಕಾಫಿ ಹಣ್ಣಿನ (ಚೆರಿ) ಮೂಟೆಗಳನ್ನು ಗೋಡೆಯಿಂದ ಒಂದು ಮೊಳ ದೂರ, ನೆಲದಿಂದ ಎತ್ತರಕ್ಕೆ ಹಲಗೆ ಹಾಕಿ ಇಡಿ. ಹೆಂಚಿನ ಸಂದು ಮುಚ್ಚಿಸಿ. ಲೈನ್ ಮನೆಯವರ ಅಕ್ಕಿ ಇಡುವುದಕ್ಕೆ ಮುಚ್ಚಳ ಇರುವ ಡ್ರಮ್ ಕೊಡಿಸಿ. ನಿಮ್ಮ ಮನೆಯಲ್ಲಿ ಡ್ರಮ್ ಇದ್ದು ಅವರ ಮನೆಯಲ್ಲಿ ಗೋಣಿಚೀಲ ಇದ್ದರೆ ಇಲಿ ತೋಟ ಬಿಟ್ಟು ಹೋಗುವುದಿಲ್ಲ.

ಹುಡುಗನ ರಕ್ತ ಪರೀಕ್ಷೆಯಲ್ಲಿ ಏನು ಬಂತು ಅಂತ ನನಗೆ ಬರೆಯಿರಿ. ಇನ್ನೆಷ್ಟು ಇಲಿ ಬಿದ್ದವು, ಪಕ್ಕದ ತೋಟದವರು ಏನು ಹೇಳಿದರು, ಅದನ್ನೂ. ಪತ್ರ ಬರುವವರೆಗೆ ನಾನು ಕಾಯುತ್ತಿರುತ್ತೇನೆ.